ಪಾಸ್‌ವರ್ಡ್ ಅಳಿಸಿದರೆ ಸಾಲದು: ಸರ್ವರ್ ಕೋಡ್ ಹಂಚಿಕೊಳ್ಳುವ ಮುನ್ನ

ಪ್ರಶ್ನೆ: ಒಂದು ಸಣ್ಣ ತಂಡದಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಎಂಜಿನ್‌ಎಕ್ಸ್ ವೆಬ್ ಸರ್ವರ್‌ನ ಕಾನ್ಫಿಗ್, ಬ್ಯಾಷ್ ಸ್ಕ್ರಿಪ್ಟ್, ಸರ್ವರ್‌ಗಳನ್ನು ತಾನಾಗಿ ಹೊಂದಿಸುವ ಆನ್ಸಿಬಲ್ ಪ್ಲೇಬುಕ್, ಕ್ಲೌಡ್ ಸೌಲಭ್ಯಗಳನ್ನು ಕೋಡ್‌ನಿಂದ ಕಟ್ಟುವ ಟೆರಾಫಾರ್ಮ್ ಸ್ವಲ್ಪ, ಹೀಗೆ ಒಂದಷ್ಟು ಕೋಡ್ ಸೇರಿಕೊಂಡಿದೆ. ಹೊಸಬರಿಗೆ ಉಪಯೋಗ ಆಗಲಿ ಅಂತ ಎಲ್ಲರಿಗೂ ಸಿಗುವ ಹಾಗೆ ಹಂಚಿಕೊಳ್ಳುವ ಆಸೆ. ಪಾಸ್‌ವರ್ಡ್‌ಗಳನ್ನು ತೆಗೆದುಹಾಕಿದರೆ ಸಾಕಾ? ಇನ್ನೊಂದು ವಿಷಯ. ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ನಿಲ್ಲಿಸುವ ಪುಟ್ಟ ಸ್ಕ್ರಿಪ್ಟ್ ಒಂದನ್ನು ಗೆಳೆಯನಿಗೆ ಕೊಟ್ಟಿದ್ದೆ. ಕಾನ್ಫಿಗ್ ಫೈಲ್‌ನ ಕೊನೆಗೆ ಒಂದು ಸಾಲು ಸೇರಿಸಿ ಸರ್ವಿಸ್ ರೀಸ್ಟಾರ್ಟ್ ಮಾಡುತ್ತೆ, ಅಷ್ಟೇ. ನನ್ನ ಹಳೆಯ ಸರ್ವರ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಅವನ ಉಬುಂಟು ಕ್ಲೌಡ್ ಸರ್ವರ್‌ನಲ್ಲಿ ಒಂದೂ ಎರರ್ ಬರಲಿಲ್ಲ, ಆದರೆ ಪಾಸ್‌ವರ್ಡ್ ಲಾಗಿನ್ ಮಾತ್ರ ಹಾಗೇ ಇದೆ. ಯಾಕೆ?

ಉತ್ತರ: ಮೊದಲು ನಿಮ್ಮ ಗೆಳೆಯನ ಸರ್ವರ್ ವಿಷಯ ಮುಗಿಸೋಣ. ನಿಮ್ಮ ದೊಡ್ಡ ಪ್ರಶ್ನೆಗೂ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕಾನ್ಫಿಗ್ ಫೈಲ್‌ನಲ್ಲಿ ಒಂದೇ ಸೆಟ್ಟಿಂಗ್ ಎರಡು ಸಲ ಬಂದರೆ ಕೊನೆಯದೇ ಗೆಲ್ಲುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಎಷ್ಟೋ ಪ್ರೋಗ್ರಾಂಗಳಲ್ಲಿ ಅದು ನಿಜವೂ ಹೌದು. ಎಸ್‌ಎಸ್‌ಎಚ್ ಸರ್ವರ್ ಮಾತ್ರ ತಿರುಗಾಮುರುಗಾ. ಅದು ಮೊದಲು ಕಂಡ ಬೆಲೆಯನ್ನೇ ಹಿಡಿದುಕೊಳ್ಳುತ್ತದೆ, ಆಮೇಲೆ ಬಂದದ್ದನ್ನು ಸುಮ್ನೆ ಬಿಟ್ಟುಬಿಡುತ್ತದೆ. 2020ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.2ರಿಂದ ಈ ಫೈಲ್‌ನೊಳಗೆ ಬೇರೆ ಫೈಲ್‌ಗಳನ್ನು ಸೇರಿಸಿಕೊಳ್ಳುವ ‘ಇನ್‌ಕ್ಲೂಡ್’ ಸೌಲಭ್ಯ ಬಂತು. ಉಬುಂಟು 20.04 ಮತ್ತು ಡೆಬಿಯನ್ 11ರಿಂದೀಚೆಗೆ ಒಂದು ಉಪಫೋಲ್ಡರ್‌ನ ಫೈಲ್‌ಗಳನ್ನು ಸೇರಿಸಿಕೊಳ್ಳುವ ಇನ್‌ಕ್ಲೂಡ್ ಸಾಲು ಮುಖ್ಯ ಫೈಲ್‌ನ ಮೇಲ್ಭಾಗದಲ್ಲೇ ಇರುತ್ತದೆ. ಕ್ಲೌಡ್ ಸರ್ವರ್ ಮೊದಲ ಸಲ ಬೂಟ್ ಆಗುವಾಗ ಕ್ಲೌಡ್-ಇನಿಟ್ ಅನ್ನುವ ಪ್ರೋಗ್ರಾಂ ಆ ಉಪಫೋಲ್ಡರ್‌ನಲ್ಲಿ 50ರಿಂದ ಶುರುವಾಗುವ ಹೆಸರಿನ ಒಂದು ಫೈಲ್ ಇಟ್ಟು, ‘ಪಾಸ್‌ವರ್ಡ್ ಲಾಗಿನ್ ಇರಲಿ’ ಅಂತ ಬರೆದಿರುವ ಸಾಧ್ಯತೆ ಉಂಟು. ನಿಮ್ಮ ಸಾಲು ಕೊನೆಯಲ್ಲಿದೆ. ಅಷ್ಟು ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತದೆ. ಸಿಂಟ್ಯಾಕ್ಸ್ ತಪ್ಪಿಲ್ಲ, ಹಾಗಾಗಿ ಎರರ್ ಕೂಡ ಇಲ್ಲ.

ಇನ್ನೊಂದು ಸಾಧ್ಯತೆಯೂ ಇದೆ. ಮುಖ್ಯ ಫೈಲ್‌ನ ತಳದಲ್ಲಿ ‘ಮ್ಯಾಚ್’ ಬ್ಲಾಕ್ ಇದ್ದರೆ, ಕೊನೆಗೆ ಸೇರಿಸಿದ ಸಾಲು ಆ ಬ್ಲಾಕ್‌ನ ಒಳಗೆ ಸೇರಿಹೋಗುತ್ತದೆ. ಆಗ ಆ ಬ್ಲಾಕ್‌ನಲ್ಲಿ ಹೇಳಿದ ಬಳಕೆದಾರರಿಗೆ ಮಾತ್ರ ಅದು ಅನ್ವಯ. ಉಳಿದವರಿಗೆಲ್ಲ ಬಾಗಿಲು ತೆರೆದೇ ಇರುತ್ತದೆ.

ಪರಿಹಾರ ಸುಲಭ. ಮುಖ್ಯ ಫೈಲ್ ಮುಟ್ಟಬೇಡಿ. ಉಪಫೋಲ್ಡರ್‌ನ ಫೈಲ್‌ಗಳನ್ನು ಹೆಸರಿನ ಕ್ರಮದಲ್ಲಿ ಓದಲಾಗುತ್ತದೆ, ಹಾಗಾಗಿ 10ರಿಂದ ಶುರುವಾಗುವ ಹೆಸರಿನ ಒಂದು ಹೊಸ ಫೈಲ್ ಇಟ್ಟು ನಿಮ್ಮ ಸಾಲನ್ನು ಅದರಲ್ಲಿ ಬರೆಯಿರಿ. ನಂತರ ಎಸ್‌ಎಸ್‌ಎಚ್‌ಡಿ ಕಮಾಂಡ್‌ಗೆ ಸಣ್ಣಕ್ಷರದ ‘ಟಿ’ ಕೊಟ್ಟು ಸಿಂಟ್ಯಾಕ್ಸ್ ಪರೀಕ್ಷಿಸಿ. ಅಲ್ಲಿಗೇ ನಿಲ್ಲಬೇಡಿ. ದೊಡ್ಡಕ್ಷರದ ‘ಟಿ’ ಕೊಟ್ಟರೆ, ಎಲ್ಲ ಫೈಲ್‌ಗಳನ್ನೂ ಓದಿದ ಮೇಲೆ ನಿಜಕ್ಕೂ ಜಾರಿಯಲ್ಲಿರುವ ಸೆಟ್ಟಿಂಗ್‌ಗಳು ಪೂರ್ತಿಯಾಗಿ ಕಾಣುತ್ತವೆ. ನೋಡಬೇಕಾದದ್ದು ಅದನ್ನೇ. ಈ ಕೊನೆಯ ಹೆಜ್ಜೆ ನಿಮ್ಮ ಸ್ಕ್ರಿಪ್ಟ್‌ನಲ್ಲಿ ಇದ್ದಿದ್ದರೆ ಗೆಳೆಯನಿಗೆ ಆ ಕ್ಷಣವೇ ಗೊತ್ತಾಗುತ್ತಿತ್ತು.

ಈಗ ದೊಡ್ಡ ಪ್ರಶ್ನೆ. ನಿಮ್ಮ ಕೋಡ್ ನಿಮ್ಮ ಸರ್ವರ್‌ನಲ್ಲಿ ಸರಿಯಾಗಿ ನಡೆದದ್ದು ಆ ಕೋಡ್‌ನಿಂದ ಮಾತ್ರ ಅಲ್ಲ. ಆ ಸರ್ವರ್‌ನ ಆವೃತ್ತಿ, ಅದರಲ್ಲಿ ಮೊದಲೇ ಇದ್ದ ಫೈಲ್‌ಗಳು, ನೀವು ಎಂದೋ ಕೈಯಾರೆ ಮಾಡಿ ಮರೆತ ಬದಲಾವಣೆ, ಇವೆಲ್ಲ ಸೇರಿ ಅದು ನಡೆದಿದೆ. ಹಂಚುವಾಗ ಕೋಡ್ ಮಾತ್ರ ಹೋಗುತ್ತದೆ, ಉಳಿದದ್ದೆಲ್ಲ ನಿಮ್ಮಲ್ಲೇ ಉಳಿಯುತ್ತದೆ. ತಮಾಷೆ ಅಂದರೆ, ಹೋಗಬಾರದ ಗುಟ್ಟುಗಳು ಮಾತ್ರ ಕೋಡ್‌ನ ಜೊತೆ ತಪ್ಪದೆ ಹೋಗುತ್ತವೆ.

ಪಾಸ್‌ವರ್ಡ್ ತೆಗೆದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಪಾಸ್‌ವರ್ಡ್ ಅಂತ ಹೆಸರು ಹೊತ್ತಿರುವ ಸಾಲು ಎಲ್ಲರ ಕಣ್ಣಿಗೂ ಬೀಳುತ್ತದೆ. ತಪ್ಪಿಸಿಕೊಳ್ಳುವುದು ಬೇರೆಯವು. ಡೇಟಾಬೇಸ್ ವಿಳಾಸದ ನಡುವೆ ಬಳಕೆದಾರನ ಹೆಸರು ಮತ್ತು ಪಾಸ್‌ವರ್ಡ್ ಹುದುಗಿರುತ್ತದೆ. ಚಾಟ್ ಆ್ಯಪ್‌ಗೆ ಅಲರ್ಟ್ ಕಳಿಸುವ ವೆಬ್‌ಹುಕ್ ವಿಳಾಸ ನೋಡೋಕೆ ಬರೀ ಲಿಂಕ್, ಆದರೆ ಅದು ಸಿಕ್ಕವರು ನಿಮ್ಮ ಹೆಸರಿನಲ್ಲಿ ಸಂದೇಶ ಹಾಕಬಹುದು. ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟೀಸ್‌ನ ‘ಸೀಕ್ರೆಟ್’ ಫೈಲ್‌ನಲ್ಲಿ ಅರ್ಥವಾಗದ ಅಕ್ಷರಗಳು ಕಂಡು ಇದು ಎನ್‌ಕ್ರಿಪ್ಟ್ ಆಗಿದೆ ಅಂತ ಹಲವರು ನಂಬುತ್ತಾರೆ. ಅದು ಬರೀ ಬೇಸ್64, ಒಂದು ಕಮಾಂಡ್‌ನಲ್ಲಿ ಬಿಚ್ಚಿಕೊಳ್ಳುತ್ತದೆ. ಆನ್ಸಿಬಲ್ ವಾಲ್ಟ್ ಫೈಲ್ ನಿಜಕ್ಕೂ ಎನ್‌ಕ್ರಿಪ್ಟ್ ಆಗಿರುತ್ತದೆ, ಆದರೂ ಸಾರ್ವಜನಿಕವಾಗಿ ಇಡಬೇಡಿ. ವಾಲ್ಟ್‌ನ ಪಾಸ್‌ವರ್ಡ್ ದುರ್ಬಲವಾಗಿದ್ದರೆ ಯಾರಾದರೂ ತಮ್ಮ ಕಂಪ್ಯೂಟರ್‌ನಲ್ಲಿ ಕೂತು ಆರಾಮಾಗಿ ಊಹಿಸುತ್ತಾ ಹೋಗಬಹುದು.

ಟೆರಾಫಾರ್ಮ್‌ನದು ಬೇರೆಯೇ ಕಥೆ. ವೇರಿಯಬಲ್‌ಗೆ ‘ಸೆನ್ಸಿಟಿವ್’ ಅಂತ ಗುರುತು ಹಾಕಿದರೆ ಅದು ಪರದೆಯ ಮೇಲೆ ಕಾಣುವುದಿಲ್ಲ, ಅಷ್ಟೇ. ಟೆರಾಫಾರ್ಮ್ ತಾನು ಕಟ್ಟಿದ್ದರ ಲೆಕ್ಕ ಇಡುವ ಸ್ಟೇಟ್ ಫೈಲ್ ತೆರೆದು ನೋಡಿ, ಅಲ್ಲಿ ಅದು ಬರಿಗಣ್ಣಿಗೆ ಓದುವ ಹಾಗೆ ಬಿದ್ದಿರುತ್ತದೆ. ಸ್ಟೇಟ್ ಫೈಲ್, ಅದರ ಬ್ಯಾಕಪ್, ಸೇವ್ ಮಾಡಿದ ಪ್ಲಾನ್ ಫೈಲ್ ಯಾವುದೂ ಹೊರಗೆ ಹೋಗಬಾರದು. ಎರರ್ ಬಂದಿದೆ ಅಂತ ಪೂರ್ತಿ ಲಾಗ್ ಅಂಟಿಸುವವರೂ ಇದ್ದಾರೆ. ಆನ್ಸಿಬಲ್ ಅನ್ನು ಜಾಸ್ತಿ ವಿವರ ಕೊಡುವ ಮೋಡ್‌ನಲ್ಲಿ ರನ್ ಮಾಡಿದಾಗ ಟಾಸ್ಕ್‌ಗೆ ಕೊಟ್ಟ ಪ್ಯಾರಾಮೀಟರ್‌ಗಳೆಲ್ಲ ಲಾಗ್‌ನಲ್ಲಿ ಬಂದುಬಿಡುತ್ತವೆ. ಗುಟ್ಟು ಇರುವ ಟಾಸ್ಕ್‌ಗೆ ‘ನೋ ಲಾಗ್’ ಹಾಕುವುದು ಅದಕ್ಕೇ.

ಗುಟ್ಟಲ್ಲದಿದ್ದರೂ ಹೇಳಬಾರದ ವಿಷಯಗಳಿವೆ. ಒಳಗಿನ ಸರ್ವರ್‌ಗಳ ಹೆಸರು, ಐಪಿ ವಿಳಾಸಗಳ ಸಾಲು, ಕ್ಲೌಡ್ ಖಾತೆಯ ಸಂಖ್ಯೆ, ಸ್ಟೋರೇಜ್ ಬಕೆಟ್‌ನ ಹೆಸರು, ಎಸ್‌ಎಸ್‌ಎಚ್ ಪಬ್ಲಿಕ್ ಕೀಯ ಕೊನೆಯಲ್ಲಿ ಅಂಟಿಕೊಂಡಿರುವ ‘ಯಾರು, ಯಾವ ಯಂತ್ರ’ ಅನ್ನುವ ಟಿಪ್ಪಣಿ. ಒಂದೊಂದೇ ನೋಡಿದರೆ ಏನೂ ಅಲ್ಲ. ಎಲ್ಲ ಸೇರಿದರೆ ನಿಮ್ಮ ನೆಟ್‌ವರ್ಕ್‌ನ ನಕ್ಷೆ.

ಇವುಗಳ ಜಾಗದಲ್ಲಿ ಏನು ಹಾಕುವುದು? ಬಾಯಿಗೆ ಬಂದ ಡೊಮೇನ್ ಹೆಸರು ಹಾಕಬೇಡಿ, ಅದು ಯಾರದೋ ಆಗಿರಬಹುದು. ಓದುಗರು ಬದಲಾಯಿಸದೆ ರನ್ ಮಾಡಿದರೆ ಅವರ ಟ್ರಾಫಿಕ್ ಆ ಅಪರಿಚಿತರ ಸರ್ವರ್‌ಗೆ ಹೋಗುತ್ತದೆ. ಇದಕ್ಕೆಂದೇ ಮೀಸಲಾದ ಹೆಸರುಗಳಿವೆ. 1999ರ ಆರ್‌ಎಫ್‌ಸಿ 2606 (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್‌ನ ಕಟ್ಟಳೆಗಳ ದಾಖಲೆ) ‘ಎಗ್ಸಾಂಪಲ್ ಡಾಟ್ ಕಾಮ್’ ಅನ್ನು ಉದಾಹರಣೆಗಳಿಗಾಗಿಯೇ ಎತ್ತಿಟ್ಟಿದೆ. ಐಪಿ ವಿಳಾಸಕ್ಕೆ 2010ರ ಆರ್‌ಎಫ್‌ಸಿ 5737 ಇದೆ: 192.0.2.0/24, 198.51.100.0/24, 203.0.113.0/24. ಈ ಮೂರು ಸಾಲುಗಳು ದಾಖಲೆಗಳಲ್ಲಿ ಬರೆಯಲಿಕ್ಕೆ ಮಾತ್ರ, ಇಂಟರ್ನೆಟ್‌ನಲ್ಲಿ ಯಾರಿಗೂ ಹಂಚಿಲ್ಲ.

ಪಾಸ್‌ವರ್ಡ್‌ನ ಜಾಗದಲ್ಲಿ ‘ಚೇಂಜ್ ಮಿ’ ಅಂತ ಬರೆಯುವ ಚಾಳಿ ಬಹಳ ಜನಕ್ಕಿದೆ. ನನಗೆ ಅದು ಸ್ವಲ್ಪವೂ ಇಷ್ಟವಿಲ್ಲ. ಜನ ಬದಲಾಯಿಸುವುದಿಲ್ಲ. 2016ರಲ್ಲಿ ಮಿರಾಯ್ ಬಾಟ್‌ನೆಟ್ ಲಕ್ಷಗಟ್ಟಲೆ ಕ್ಯಾಮೆರಾ, ರೂಟರ್‌ಗಳನ್ನು ವಶ ಮಾಡಿಕೊಂಡದ್ದು ಯಾವ ದೊಡ್ಡ ಜಾಣತನದಿಂದಲೂ ಅಲ್ಲ, ಫ್ಯಾಕ್ಟರಿಯಿಂದ ಬಂದ ಪಾಸ್‌ವರ್ಡ್‌ಗಳ ಒಂದು ಪಟ್ಟಿಯಿಂದ. ಬದಲಿಗೆ, ಬೆಲೆ ಕೊಡದಿದ್ದರೆ ಕೋಡ್ ನಿಂತೇಬಿಡುವ ಹಾಗೆ ಬರೆಯಿರಿ. ಬ್ಯಾಷ್‌ನಲ್ಲಿ ವೇರಿಯಬಲ್ ಹೆಸರು ಮುಗಿದ ಕೂಡಲೇ ಕೋಲನ್ ಮತ್ತು ಪ್ರಶ್ನೆ ಚಿಹ್ನೆ ಹಾಕಿ ಸಂದೇಶ ಬರೆದರೆ, ಅದು ಖಾಲಿ ಇದ್ದಾಗ ಆ ಸಂದೇಶ ತೋರಿಸಿ ಸ್ಕ್ರಿಪ್ಟ್ ನಿಲ್ಲುತ್ತದೆ. ಆನ್ಸಿಬಲ್‌ನಲ್ಲಿ ‘ಅಸರ್ಟ್’ ಇದೆ. ಟೆರಾಫಾರ್ಮ್‌ನಲ್ಲಿ ವೇರಿಯಬಲ್‌ಗೆ ಡೀಫಾಲ್ಟ್ ಕೊಡದೆ ಬಿಟ್ಟರೆ ಅದೇ ಕೇಳುತ್ತದೆ.

ಕೋಡ್‌ನ ಪ್ರತಿ ಬದಲಾವಣೆಯನ್ನೂ ನೆನಪಿಡುವ ಗಿಟ್ ಬಗ್ಗೆ ಒಂದು ಮಾತು. ಕೀ ಇದ್ದ ಫೈಲ್ ಅಳಿಸಿ ಹೊಸ ಕಮಿಟ್ ಮಾಡಿದರೂ ಆ ಕೀ ಇತಿಹಾಸದಲ್ಲಿ ಹಾಗೇ ಇರುತ್ತದೆ. ಹಾಗಾಗಿ ಆಫೀಸಿನ ರೆಪೊಸಿಟರಿಯನ್ನೇ ‘ಪಬ್ಲಿಕ್’ ಮಾಡುವ ಯೋಚನೆ ಬಿಡಿ. ಖಾಲಿ ರೆಪೊಸಿಟರಿ ಒಂದನ್ನು ಹೊಸದಾಗಿ ಶುರುಮಾಡಿ, ಬೇಕಾದ ಭಾಗವನ್ನು ಅಲ್ಲಿ ಮತ್ತೆ ಬರೆಯಿರಿ. ಗಿಟ್‌ಲೀಕ್ಸ್, ಟ್ರಫಲ್‌ಹಾಗ್ ತರಹದ ಟೂಲ್‌ಗಳಿಂದ ಗುಟ್ಟು ಉಳಿದಿದೆಯಾ ಅಂತ ಒಮ್ಮೆ ಹುಡುಕಿಸಿ. ಅಕಸ್ಮಾತ್ ಕೀ ಹೊರಗೆ ಹೋಗಿದ್ದರೆ, ಇತಿಹಾಸ ತಿದ್ದೋಕೆ ಕೂರುವ ಮೊದಲು ಆ ಕೀಯನ್ನೇ ರದ್ದು ಮಾಡಿ ಹೊಸದು ತನ್ನಿ. ಸಾರ್ವಜನಿಕ ರೆಪೊಸಿಟರಿಗಳಲ್ಲಿ ಕೀ ಹುಡುಕುತ್ತಲೇ ಇರುವ ಬಾಟ್‌ಗಳಿವೆ, ನಿಮಗಿಂತ ಅವು ಚುರುಕು. ಸಣ್ಣ ಕೋಡ್ ಹಂಚುವ ಗಿಟ್‌ಹಬ್‌ನ ‘ಸೀಕ್ರೆಟ್’ ಗಿಸ್ಟ್ ಕೂಡ ಗುಟ್ಟಲ್ಲ. ಹುಡುಕಾಟದಲ್ಲಿ ಬರುವುದಿಲ್ಲ ಅಷ್ಟೇ, ಲಿಂಕ್ ಸಿಕ್ಕವರು ಯಾರು ಬೇಕಾದರೂ ನೋಡಬಹುದು.

ಸರಿ, ಗುಟ್ಟುಗಳ ವಿಷಯ ಇಲ್ಲಿಗೆ ಸಾಕು. ಇದಕ್ಕಿಂತ ಕಷ್ಟದ್ದು ಇನ್ನೊಂದು ಕೆಲಸ: ನಿಮ್ಮ ಸರ್ವರ್ ಮೌನವಾಗಿ ಒದಗಿಸುತ್ತಿದ್ದುದನ್ನೆಲ್ಲ ಮಾತಿನಲ್ಲಿ ಬರೆಯುವುದು.

ಹಂಚುವ ಪ್ರತಿ ಕೋಡ್ ತುಣುಕಿನ ತಲೆಯ ಮೇಲೆ ಮೂರ್ನಾಲ್ಕು ಸಾಲು ಕಾಮೆಂಟ್ ಇರಲಿ. ಯಾವ ಲಿನಕ್ಸ್ ಡಿಸ್ಟ್ರೊ, ಅದರ ಯಾವ ಆವೃತ್ತಿ, ಟೂಲ್‌ನ ಯಾವ ಆವೃತ್ತಿ, ಯಾವ ತಿಂಗಳಲ್ಲಿ ಪರೀಕ್ಷಿಸಿದ್ದು, ರೂಟ್ ಆಗಿ ರನ್ ಮಾಡಬೇಕಾ. ತಾರೀಖು ಬರೆಯದ ಕೋಡ್‌ನಿಂದ ಆಗುವ ತೊಂದರೆ ಅಷ್ಟಿಷ್ಟಲ್ಲ. ವೆಬ್ ಸಂಪರ್ಕವನ್ನು ಎನ್‌ಕ್ರಿಪ್ಟ್ ಮಾಡುವ ಟಿಎಲ್‌ಎಸ್‌ನ 1.0 ಮತ್ತು 1.1 ಆವೃತ್ತಿಗಳನ್ನು ಬಳಸಬೇಡಿ ಅಂತ ಆರ್‌ಎಫ್‌ಸಿ 8996 ಹೇಳಿದ್ದು 2021ರಲ್ಲಿ. ಅವೆರಡನ್ನೂ ತೆರೆದಿಡುವ ಎಂಜಿನ್‌ಎಕ್ಸ್ ಕಾನ್ಫಿಗ್‌ಗಳು ಇವತ್ತಿಗೂ ಒಬ್ಬರಿಂದ ಒಬ್ಬರಿಗೆ ಹೋಗುತ್ತಲೇ ಇವೆ. ‘ಎಸ್‌ಎಸ್‌ಎಲ್ ಆನ್’ ಅನ್ನುವ ಹಳೆಯ ಸಾಲನ್ನು 2023ರಲ್ಲಿ ಎಂಜಿನ್‌ಎಕ್ಸ್ 1.25.1 ಪೂರ್ತಿ ಕಿತ್ತುಹಾಕಿತು. ಟೆರಾಫಾರ್ಮ್‌ನ ಎಡಬ್ಲ್ಯುಎಸ್ ಪ್ರೊವೈಡರ್ (ಅಮೆಜಾನ್ ಕ್ಲೌಡ್ ಜೊತೆ ಮಾತಾಡುವ ಭಾಗ) 2022ರ 4ನೇ ಆವೃತ್ತಿಯಲ್ಲಿ ಎಸ್3 ಬಕೆಟ್‌ನ ಸೆಟ್ಟಿಂಗ್‌ಗಳನ್ನು ಒಡೆದು ಬೇರೆ ಬೇರೆ ರಿಸೋರ್ಸ್ ಮಾಡಿತು. ಅದಕ್ಕೂ ಹಿಂದಿನ ಉದಾಹರಣೆಗಳನ್ನು ನಕಲು ಮಾಡಿದ ಎಷ್ಟೋ ಹೊಸಬರು ತಪ್ಪು ತಮ್ಮದೇ ಅಂತ ತಲೆ ಕೆಡಿಸಿಕೊಂಡಿದ್ದಾರೆ. ಪ್ರೊವೈಡರ್‌ನ ಆವೃತ್ತಿ ಕಟ್ಟಿಹಾಕುವ ಬ್ಲಾಕ್ ಇಲ್ಲದೆ ಟೆರಾಫಾರ್ಮ್ ತುಣುಕು ಕೊಡಲೇಬೇಡಿ. 2023ರ ಆಗಸ್ಟ್‌ನಲ್ಲಿ ಟೆರಾಫಾರ್ಮ್‌ನ ಲೈಸೆನ್ಸ್ ಬದಲಾದ ಮೇಲೆ ಅದರಿಂದ ಕವಲೊಡೆದ ಓಪನ್‌ಟೋಫು ಬೇರೆ ದಾರಿ ಹಿಡಿದಿದೆ, ಹಾಗಾಗಿ ಎರಡರಲ್ಲಿ ಯಾವುದರಲ್ಲಿ ಪರೀಕ್ಷಿಸಿದ್ದು ಅಂತಲೂ ಬರೆಯಿರಿ.

ನಕಲು ಮಾಡುವಾಗಲೇ ಹಾಳಾಗುವ ಕೋಡ್ ಬಗ್ಗೆ ಈಗ ಹೇಳಬೇಕು, ಇದು ನನಗೆ ಅಚ್ಚುಮೆಚ್ಚಿನ ವಿಷಯ.

ಬ್ಯಾಷ್ ಸ್ಕ್ರಿಪ್ಟ್‌ನಿಂದ ಎಂಜಿನ್‌ಎಕ್ಸ್ ಕಾನ್ಫಿಗ್ ಬರೆಯುವ ಹಿಯರ್‌ಡಾಕ್ (ಸ್ಕ್ರಿಪ್ಟ್‌ನೊಳಗೇ ಹಲವು ಸಾಲಿನ ಪಠ್ಯ ಇಡುವ ವಿಧಾನ) ನೋಡಿರುತ್ತೀರಿ. ‘ಇಒಎಫ್’ನಿಂದ ಶುರುವಾಗಿ ‘ಇಒಎಫ್’ಗೆ ಮುಗಿಯುವಂಥದ್ದು. ಶುರುವಿನ ಇಒಎಫ್‌ಗೆ ಕೋಟ್ ಚಿಹ್ನೆ ಹಾಕದಿದ್ದರೆ, ಒಳಗಿನ ಡಾಲರ್ ಚಿಹ್ನೆಯ ಪದಗಳನ್ನೆಲ್ಲ ಬ್ಯಾಷ್ ತನ್ನ ವೇರಿಯಬಲ್ ಅಂದುಕೊಳ್ಳುತ್ತದೆ. ಎಂಜಿನ್‌ಎಕ್ಸ್‌ಗೆ ಸೇರಬೇಕಾದ ‘ಡಾಲರ್ ಹೋಸ್ಟ್’, ‘ಡಾಲರ್ ರಿಕ್ವೆಸ್ಟ್ ಯುಆರ್‌ಐ’ ಎರಡೂ ಖಾಲಿಯಾಗಿ ಹೋಗುತ್ತವೆ. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಕಳಿಸುವ 301 ಸಾಲು ಆಗ ಬರೀ ‘ಎಚ್‌ಟಿಟಿಪಿಎಸ್, ಕೋಲನ್, ಎರಡು ಓರೆಗೆರೆ’ ಆಗಿ ಉಳಿಯುತ್ತದೆ. ಮಜಾ ಏನಂದರೆ ಎಂಜಿನ್‌ಎಕ್ಸ್‌ನ ಸಿಂಟ್ಯಾಕ್ಸ್ ಪರೀಕ್ಷೆ ಇದನ್ನು ಸರಿ ಅಂತ ಪಾಸ್ ಮಾಡುತ್ತದೆ. ಸೈಟ್‌ಗೆ ಬಂದವರು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಒಂದು ಜೊತೆ ಕೋಟ್ ಚಿಹ್ನೆ ಹಾಕಿದರೆ ಮುಗಿಯಿತು. ಸ್ಕ್ರಿಪ್ಟ್‌ನ ಮೊದಲಲ್ಲಿ ‘ಸೆಟ್ -ಯು’ ಇದ್ದರೂ, ಇಲ್ಲದ ವೇರಿಯಬಲ್ ಕಂಡ ಕೂಡಲೇ ಬ್ಯಾಷ್ ಎರರ್ ತೋರಿಸುತ್ತದೆ.

ಆನ್ಸಿಬಲ್ ಪ್ಲೇಬುಕ್ ಬರೆಯುವ ಯಾಮಲ್ ಅನ್ನುವ ಫೈಲ್ ರೂಪದ ಕಾಟ ಇನ್ನೊಂದು ಬಗೆ. ಆನ್ಸಿಬಲ್‌ನಲ್ಲಿ ಫೈಲ್ ಅನುಮತಿಯನ್ನು ಸೊನ್ನೆ ಇಲ್ಲದೆ, ಕೋಟ್ ಇಲ್ಲದೆ ಬರೀ 644 ಅಂತ ಬರೆದರೆ ಅದು ಮಾಮೂಲಿ ದಶಮಾನ ಸಂಖ್ಯೆ ಆಗುತ್ತದೆ. ಅಷ್ಟಮಾನದಲ್ಲಿ ಅದು 1204. ಅಂದರೆ ಫೈಲ್‌ನ ಒಡೆಯ ಬರೆಯಬಹುದು, ಓದುವ ಹಾಗಿಲ್ಲ, ಬೇರೆಯವರು ಓದಬಹುದು. ಕೋಟ್ ಒಳಗೆ "0644" ಅಂತ ಬರೆಯುವುದೇ ಕ್ಷೇಮ. ಹಾಗೇ ‘ನೋ’ ಅಂತ ಕೋಟ್ ಇಲ್ಲದೆ ಬರೆದರೆ ಯಾಮಲ್ 1.1 ಅದನ್ನು ‘ಫಾಲ್ಸ್’ ಮಾಡುತ್ತದೆ. ನಾರ್ವೆ ದೇಶದ ಎರಡಕ್ಷರದ ಸಂಕೇತವೂ ಅದೇ, ಅದಕ್ಕೇ ಇದನ್ನು ನಾರ್ವೆ ಸಮಸ್ಯೆ ಅಂತಲೇ ಕರೆಯುತ್ತಾರೆ. ಚಾಟ್ ಆ್ಯಪ್‌ನಲ್ಲಿ ಯಾಮಲ್ ಅಂಟಿಸಿದರೆ ಸಾಲಿನ ಮೊದಲಿನ ಖಾಲಿ ಜಾಗ ಮಾಯ, ವರ್ಡ್ ಪ್ರೊಸೆಸರ್‌ನಲ್ಲಿ ಇಟ್ಟರೆ ನೇರ ಕೋಟ್ ಚಿಹ್ನೆ ಬಾಗಿಹೋಗುತ್ತದೆ, ಎರಡು ಹೈಫನ್ ಸೇರಿ ಒಂದು ಗೆರೆ ಆಗುತ್ತದೆ. ಆದ್ದರಿಂದ ಫೈಲ್ ಆಗಿಯೇ ಕೊಡಿ. ಸ್ಕ್ರೀನ್‌ಶಾಟ್ ಮಾತ್ರ ದಯವಿಟ್ಟು ಬೇಡ. ಸಾಲು ಸಾಲು ನೋಡಿಕೊಂಡು ಟೈಪ್ ಮಾಡುವ ಶಿಕ್ಷೆ ಯಾರಿಗೂ ಕೊಡಬೇಡಿ.

ಎರಡನೇ ಸಲ ರನ್ ಮಾಡಿದರೆ ಏನಾಗುತ್ತದೆ? ಹಂಚುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ಎಸ್‌ಎಸ್‌ಎಚ್ ಸ್ಕ್ರಿಪ್ಟ್ ರನ್ ಆದಷ್ಟು ಸಲವೂ ಅದೇ ಸಾಲನ್ನು ಸೇರಿಸುತ್ತಾ ಹೋಗುತ್ತದೆ, ಅಲ್ವಾ? ಎಷ್ಟು ಸಲ ರನ್ ಮಾಡಿದರೂ ಸರ್ವರ್ ಅದೇ ಸ್ಥಿತಿಯಲ್ಲಿ ನಿಲ್ಲಬೇಕು ಅನ್ನುವ ವಿಚಾರ ಹಳೆಯದು. 1993ರಲ್ಲಿ ಮಾರ್ಕ್ ಬರ್ಗೆಸ್ ಶುರುಮಾಡಿದ ಸಿಎಫ್‌ಎಂಜಿನ್‌ನ ಬೇರು ಇದೇ. ಪಪೆಟ್, ಶೆಫ್, ಆನ್ಸಿಬಲ್ ಎಲ್ಲ ಆ ದಾರಿಯಲ್ಲೇ ಬಂದವು. ಆನ್ಸಿಬಲ್‌ನಲ್ಲಿ ಪರೀಕ್ಷೆ ಸುಲಭ: ಎರಡನೇ ಸಲ ರನ್ ಮಾಡಿದಾಗ ‘ಚೇಂಜ್ಡ್’ ಲೆಕ್ಕ ಸೊನ್ನೆ ಬರಬೇಕು. ಬರಲಿಲ್ಲ ಅಂದರೆ ಎಲ್ಲೋ ‘ಶೆಲ್’ ಅಥವಾ ‘ಕಮಾಂಡ್’ ಮಾಡ್ಯೂಲ್ ಬಳಸಿರಬಹುದು. ಅವು ಏನು ಮಾಡಿದರೂ ಬದಲಾಯಿತು ಅಂತಲೇ ಹೇಳುತ್ತವೆ. ಅದೇ ಕೆಲಸಕ್ಕೆ ಬೇರೆ ಮಾಡ್ಯೂಲ್ ಇದ್ದರೆ ಅದನ್ನು ಬಳಸಿ, ಇಲ್ಲದಿದ್ದರೆ ‘ಕ್ರಿಯೇಟ್ಸ್’ ಅಥವಾ ‘ಚೇಂಜ್ಡ್ ವೆನ್’ ಸೇರಿಸಿ. ಟೆಂಪ್ಲೇಟ್ ಮಾಡ್ಯೂಲ್‌ನಲ್ಲಿ ‘ವ್ಯಾಲಿಡೇಟ್’ ಅನ್ನುವ ಆಯ್ಕೆ ಇದೆ, ಅದನ್ನು ಬಹಳ ಜನ ಬಳಸುವುದೇ ಇಲ್ಲ. ಯಾರಿಗೆ ರೂಟ್ ಅಧಿಕಾರ ಅಂತ ಹೇಳುವ ಸುಡೋಅರ್ಸ್ ಫೈಲ್ ಬರೆಯುವಾಗ ಅಲ್ಲಿ ಅದರ ತಪ್ಪು ಹುಡುಕುವ ವೀಸುಡೋ ಪರೀಕ್ಷೆ ಕೊಟ್ಟರೆ, ತಪ್ಪಿರುವ ಫೈಲ್ ಅದರ ಜಾಗಕ್ಕೆ ಹೋಗುವುದೇ ಇಲ್ಲ.

ಇನ್ನು, ವಾಪಸ್ ಬರುವ ದಾರಿ. ಫೈರ್‌ವಾಲ್, ಎಸ್‌ಎಸ್‌ಎಚ್, ನೆಟ್‌ವರ್ಕ್ ಮುಟ್ಟುವ ಯಾವ ತುಣುಕಿನ ಜೊತೆಗೂ ಇದು ಇರಲೇಬೇಕು. ಐಪಿಟೇಬಲ್ಸ್ ಫೈರ್‌ವಾಲ್‌ನ ನಿಯಮಗಳನ್ನು ತೊಳೆದುಹಾಕುವ ಒಂದೇ ಸಾಲಿನ ಕಮಾಂಡ್ ನಿಮ್ಮ ಸರ್ವರ್‌ನಲ್ಲಿ ನಿರುಪದ್ರವಿ. ಡೀಫಾಲ್ಟ್ ಪಾಲಿಸಿ ‘ಡ್ರಾಪ್’ (ನಿಯಮ ಬಿಡದ್ದನ್ನೆಲ್ಲ ತಡೆ) ಇರುವ ಸರ್ವರ್‌ನಲ್ಲಿ ಅದೇ ಕಮಾಂಡ್ ಓದುಗರನ್ನು ಅಲ್ಲಿಂದಲ್ಲೇ ಹೊರಗೆ ಹಾಕುತ್ತದೆ. ಹಾಗಾಗಿ ಬರೆಯಿರಿ: ಈಗಿರುವ ಎಸ್‌ಎಸ್‌ಎಚ್ ಸೆಷನ್ ಮುಚ್ಚಬೇಡಿ, ಇನ್ನೊಂದು ಟರ್ಮಿನಲ್‌ನಿಂದ ಹೊಸದಾಗಿ ಲಾಗಿನ್ ಆಗಿ ನೋಡಿ, ಆಮೇಲೆ ಮುಚ್ಚಿ. ಎಸ್‌ಎಸ್‌ಎಚ್ ಸರ್ವಿಸ್ ರೀಸ್ಟಾರ್ಟ್ ಆದರೂ ತೆರೆದ ಸೆಷನ್ ಸಾಮಾನ್ಯವಾಗಿ ಕಡಿಯುವುದಿಲ್ಲ, ಅದು ನಮ್ಮ ಪುಣ್ಯ. ಉಬುಂಟುವಿನಲ್ಲಿ ನೆಟ್‌ವರ್ಕ್ ಬದಲಾಯಿಸಲು ‘ನೆಟ್‌ಪ್ಲಾನ್ ಅಪ್ಲೈ’ ಬದಲು ‘ನೆಟ್‌ಪ್ಲಾನ್ ಟ್ರೈ’ ಅಂತ ಬರೆಯಿರಿ. 120 ಸೆಕೆಂಡ್‌ನೊಳಗೆ ಒಪ್ಪಿಗೆ ಕೊಡದಿದ್ದರೆ ಅದು ತಾನಾಗಿ ಹಳೆಯ ಸೆಟ್ಟಿಂಗ್‌ಗೆ ಮರಳುತ್ತದೆ. ಟೆರಾಫಾರ್ಮ್ ಆದರೆ, ಪ್ಲಾನ್‌ನಲ್ಲಿ ‘ಫೋರ್ಸಸ್ ರೀಪ್ಲೇಸ್‌ಮೆಂಟ್’ ಅಂತ ಕಂಡರೆ ಹಳೆಯದನ್ನು ಅಳಿಸಿ ಹೊಸದು ಕಟ್ಟುತ್ತದೆ ಅಂತ ಎಚ್ಚರಿಸಿ. ಅದು ಡೇಟಾಬೇಸ್ ಆಗಿದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇಂಟರ್ನೆಟ್‌ನಿಂದ ಇಳಿದ ಸ್ಕ್ರಿಪ್ಟ್ ಅನ್ನು ಓದದೆಯೇ ರನ್ ಮಾಡುವ ‘ಕರ್ಲ್‌ನಿಂದ ನೇರ ಬ್ಯಾಷ್‌ಗೆ’ ಅನ್ನುವ ಒಂದೇ ಸಾಲಿನ ಇನ್‌ಸ್ಟಾಲ್ ವಿಧಾನ ಕೊಡಬೇಕಾ ಅಂತ ನೀವು ಕೇಳಿಲ್ಲ, ಆದರೂ ಬೇಡ ಅನ್ನುತ್ತೇನೆ. ಓದುಗರು ಮೊದಲು ಫೈಲ್ ಇಳಿಸಿಕೊಳ್ಳಲಿ, ಓದಲಿ, ಆಮೇಲೆ ರನ್ ಮಾಡಲಿ. ಕೊಡಲೇಬೇಕಾದರೆ ಇಡೀ ಸ್ಕ್ರಿಪ್ಟ್ ಅನ್ನು ಒಂದು ಫಂಕ್ಷನ್ ಒಳಗೆ ಹಾಕಿ, ಕಟ್ಟಕಡೆಯ ಸಾಲಿನಲ್ಲಿ ಅದನ್ನು ಕರೆಯಿರಿ. ಸಂಪರ್ಕ ಅರ್ಧಕ್ಕೆ ಕಡಿದರೆ ಅರ್ಧ ಸ್ಕ್ರಿಪ್ಟ್ ರನ್ ಆಗುವ ಅಪಾಯವಾದರೂ ತಪ್ಪುತ್ತದೆ. ಕೋಡ್‌ನ ತಪ್ಪು ಹುಡುಕುವ ಶೆಲ್‌ಚೆಕ್ ಮತ್ತು ಆನ್ಸಿಬಲ್-ಲಿಂಟ್ ಎರಡೂ ಉಚಿತ. ಅವು ಹೇಳಿದ್ದನ್ನೆಲ್ಲ ಒಪ್ಪಬೇಕಿಲ್ಲ, ಒಮ್ಮೆ ಕೇಳಿಸಿಕೊಂಡರೆ ಸಾಕು.

ಲೈಸೆನ್ಸ್ ವಿಷಯ ಚಿಕ್ಕದು. ಲೈಸೆನ್ಸ್ ಬರೆಯದ ಕೋಡ್‌ನ ಎಲ್ಲ ಹಕ್ಕೂ ಬರೆದವರದೇ, ಕಾನೂನಿನ ಪ್ರಕಾರ ಓದುಗರು ಅದನ್ನು ಬಳಸುವಂತಿಲ್ಲ. ಎಂಐಟಿ ಲೈಸೆನ್ಸ್ ಒಂದು ಫೈಲ್ ಸೇರಿಸಿ. ಆದರೆ ಕೆಲಸದ ವೇಳೆಯಲ್ಲಿ ಬರೆದ ಕೋಡ್ ಸಾಮಾನ್ಯವಾಗಿ ಸಂಸ್ಥೆಗೆ ಸೇರಿದ್ದು, ಹಾಗಾಗಿ ಮೊದಲು ನಿಮ್ಮ ಮೇಲಿನವರಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಸ್ಟಾಕ್ ಓವರ್‌ಫ್ಲೋನಿಂದ ತಂದ ಭಾಗ ಇದ್ದರೆ ಅದಕ್ಕೆ ಅದರದೇ ಷರತ್ತು ಇದೆ: ಮೂಲ ಹೇಳಬೇಕು, ಅದೇ ಲೈಸೆನ್ಸ್‌ನಲ್ಲಿ ಹಂಚಬೇಕು.

ಎಲ್ಲವನ್ನೂ ಒಟ್ಟಿಗೆ ಹೊರಗೆ ಹಾಕುವ ಅವಸರ ಬೇಡ. ಎಸ್‌ಎಸ್‌ಎಚ್ ತುಣುಕಿನಿಂದಲೇ ಶುರುಮಾಡಿ: 10ರಿಂದ ಶುರುವಾಗುವ ಹೆಸರಿನ ಫೈಲ್, ಸಿಂಟ್ಯಾಕ್ಸ್ ಪರೀಕ್ಷೆ, ದೊಡ್ಡಕ್ಷರದ ‘ಟಿ’ಯಿಂದ ಖಾತ್ರಿ, ಮತ್ತು ಬೇಡವಾದರೆ ಆ ಫೈಲ್ ಅಳಿಸಿ ಸರ್ವಿಸ್ ರೀಲೋಡ್ ಮಾಡುವ ಒಂದು ಸಾಲು. ಹೊಸ ವರ್ಚುವಲ್ ಮಷಿನ್ ಒಂದರಲ್ಲಿ ಮೊದಲಿನಿಂದ ರನ್ ಮಾಡಿ ನೋಡಿ, ನಂತರ ಗೆಳೆಯನಿಗೆ ಕೊಡಿ. ಅವನು ನಿಮಗೆ ಫೋನ್ ಮಾಡದೆ ಕೆಲಸ ಮುಗಿಸಿದರೆ ಎಲ್ಲರಿಗೂ ಕೊಡಬಹುದು. ಎಂಜಿನ್‌ಎಕ್ಸ್, ಆನ್ಸಿಬಲ್ ಆಮೇಲೆ ಬರಲಿ. ಟೆರಾಫಾರ್ಮ್ ಅನ್ನು ಕೊನೆಗೆ ಇಟ್ಟುಕೊಳ್ಳಿ, ಅಲ್ಲಿ ತಪ್ಪಾದರೆ ಓದುಗರ ಕ್ಲೌಡ್ ಬಿಲ್ ಏರುತ್ತದೆ.